ಐದು ಸ್ಪರ್ಧೆಗಳ ಪಟ್ಟಿ, ಒಂದು ವರ್ಷ: ಟ್ರಯಥ್ಲಾನ್ ಆಯ್ಕೆಯ ಒಂದು ಪ್ರಕರಣ

ಈಜು, ಸೈಕ್ಲಿಂಗ್, ಓಟ ಮೂರನ್ನೂ ಒಂದರ ಹಿಂದೊಂದು ಮುಗಿಸುವ ಸ್ಪರ್ಧೆ ಟ್ರಯಥ್ಲಾನ್. ಅದರ ತರಬೇತುದಾರರ ಬಳಿಗೆ ಹೆಚ್ಚಿನವರು ಬರುವುದು ಸ್ಪರ್ಧೆಗೆ ಹಣ ಕಟ್ಟಿದ ಮೇಲೆ. ದಿನ ನಿಗದಿಯಾಗಿದೆ, ಸ್ಥಳ ನಿಗದಿಯಾಗಿದೆ, ಇನ್ನು ಹೇಗಾದರೂ ತಯಾರು ಮಾಡಿ ಎಂಬುದು ಅವರ ಬೇಡಿಕೆ. ಈ ಪ್ರಕರಣದ ಸ್ಪರ್ಧಿ ಹಣ ಕಟ್ಟುವ ಮೊದಲೇ ಐದು ಸ್ಪರ್ಧೆಗಳ ಪಟ್ಟಿ ಹಿಡಿದು ಬಂದರು. ಯಾವುದಕ್ಕೆ ಹೋಗಬೇಕು, ಯಾವುದನ್ನು ಬಿಡಬೇಕು ಎಂಬ ಚರ್ಚೆಯೇ ಕೆಲವು ವಾರ ನಡೆಯಿತು. ಆ ಚರ್ಚೆ ಬೇರೆಯವರಿಗೂ ಉಪಯೋಗಕ್ಕೆ ಬರುತ್ತದೆ ಎನ್ನಿಸಿದ್ದರಿಂದ, ಅವರ ಒಪ್ಪಿಗೆ ಪಡೆದು, ಅವರದ್ದಾಗಲಿ ಆ ಐದು ಸ್ಪರ್ಧೆಗಳದ್ದಾಗಲಿ ಹೆಸರು ಹೇಳದೆ ಬರೆಯುತ್ತಿದ್ದೇನೆ.

ಸ್ಪರ್ಧಿಗೆ 41 ವರ್ಷ. ಲೆಕ್ಕಪತ್ರ ವಿಭಾಗದಲ್ಲಿ ಕೆಲಸ, ಮನೆಯಲ್ಲಿ ಶಾಲೆಗೆ ಹೋಗುವ ಇಬ್ಬರು ಮಕ್ಕಳು. ತರಬೇತಿಗೆ ವಾರಕ್ಕೆ ಸಿಗುವುದು ಹೆಚ್ಚೆಂದರೆ 8 ಗಂಟೆ. ಓಟದಿಂದ ಈ ಕ್ರೀಡೆಗೆ ಬಂದವರು. ಹಾಫ್ ಮ್ಯಾರಥಾನನ್ನು 2 ಗಂಟೆ 5 ನಿಮಿಷದಲ್ಲಿ ಮುಗಿಸಬಲ್ಲರು. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 28 ಕಿ.ಮೀ. ವೇಗದಲ್ಲಿ ಮೂರು ಗಂಟೆ ಸೈಕಲ್ ತುಳಿಯಬಲ್ಲರು. ಈಜು ಮಾತ್ರ ದೊಡ್ಡವರಾದ ಮೇಲೆ ಕಲಿತದ್ದು. ಈಜುಕೊಳದಲ್ಲಿ 1500 ಮೀಟರ್‌ಗೆ 39 ನಿಮಿಷ, ಅಂದರೆ ನೂರು ಮೀಟರ್‌ಗೆ 2 ನಿಮಿಷ 36 ಸೆಕೆಂಡು. ಕೆರೆಯಲ್ಲಿ ಅದು 2:50 ಆಗುತ್ತಿತ್ತು. ಗೋಡೆ ಒದ್ದು ಮುಂದೆ ಹೋಗುವ ಅವಕಾಶ ಅಲ್ಲಿಲ್ಲ, ತಲೆಯೆತ್ತಿ ದಿಕ್ಕು ನೋಡಬೇಕು, ಎಷ್ಟು ನೋಡಿದರೂ ದಾರಿ ಸ್ವಲ್ಪ ಡೊಂಕಾಗುತ್ತದೆ. ಅಲ್ಲಿಯವರೆಗೆ ಅವರು ಎರಡು ಸ್ಪ್ರಿಂಟ್ ಸ್ಪರ್ಧೆಗಳನ್ನು ಮುಗಿಸಿದ್ದರು. 750 ಮೀಟರ್ ಈಜು, 20 ಕಿ.ಮೀ. ಸೈಕ್ಲಿಂಗ್, 5 ಕಿ.ಮೀ. ಓಟದ ದೂರ ಅದು. ಒಂದು ಕೆರೆಯಲ್ಲಿ, ಯಾವ ತೊಂದರೆಯೂ ಇಲ್ಲದೆ. ಇನ್ನೊಂದು ಸಮುದ್ರದಲ್ಲಿ. ಅಲ್ಲಿ ಮೊದಲ 200 ಮೀಟರ್‌ನಲ್ಲೇ ಉಸಿರು ಕಟ್ಟಿದಂತಾಗಿ ಸುರಕ್ಷತೆಗೆಂದು ಇರುವ ಸಣ್ಣ ದೋಣಿಯನ್ನು, ಕಯಾಕನ್ನು, ಹಿಡಿದು ನಿಂತಿದ್ದರು. 750 ಮೀಟರ್‌ಗೆ 24 ನಿಮಿಷ ಹಿಡಿದಿತ್ತು. ಕಯಾಕ್ ಹಿಡಿದುಕೊಳ್ಳುವುದು ನಿಯಮಬಾಹಿರವಲ್ಲ, ಅದರ ಸಹಾಯದಿಂದ ಮುಂದೆ ಸಾಗಬಾರದು ಅಷ್ಟೆ. ಆದರೂ ಆ ಅನುಭವ ಅವರೊಳಗೆ ಹಾಗೇ ಉಳಿದಿತ್ತು, ಅದನ್ನು ಅವರು ಮುಚ್ಚಿಡಲಿಲ್ಲ.

ಅವರ ಗುರಿ ಒಂದು ಹಾಫ್, ಅಂದರೆ 1.9 ಕಿ.ಮೀ. ಈಜು, 90 ಕಿ.ಮೀ. ಸೈಕ್ಲಿಂಗ್, 21.1 ಕಿ.ಮೀ. ಓಟ. ಪಟ್ಟಿಯಲ್ಲಿದ್ದವು ಇವು: 14 ವಾರಗಳ ನಂತರ ಸಮುದ್ರದ ಹಾಫ್, ಇದಕ್ಕೆ ಅವರ ಗೆಳೆಯರ ಗುಂಪು ಪೂರ್ತಿ ಹೆಸರು ಕೊಟ್ಟಿತ್ತು; 24ನೆಯ ವಾರ ನದಿಯ ಹಾಫ್, ಸೈಕಲ್ ದಾರಿ ಸಮತಟ್ಟು; 26ನೆಯ ವಾರ ಹೊಸ ಆಯೋಜಕರು ಮೊದಲ ಬಾರಿಗೆ ನಡೆಸುವ, ಹಾಫ್‌ಗಿಂತ ಚಿಕ್ಕದಾದ ಒಲಿಂಪಿಕ್ ದೂರದ ಸ್ಪರ್ಧೆ; 31ನೆಯ ವಾರ ಕೆರೆಯ ಹಾಫ್, ಸೈಕಲ್ ದಾರಿಯಲ್ಲಿ ಒಟ್ಟು 1300 ಮೀಟರ್ ಏರು; ಕೊನೆಗೆ, ಸುಮಾರು ಒಂದು ವರ್ಷದಾಚೆ, ಒಂದು ಪ್ರಸಿದ್ಧ ಫುಲ್, ಅಂದರೆ ಹಾಫ್‌ನ ಎರಡರಷ್ಟು ದೂರ.

ಅವರ ಮನಸ್ಸಿನಲ್ಲಿದ್ದ ಕ್ರಮಾಂಕ ಸ್ಪಷ್ಟವಾಗಿತ್ತು. ನದಿಯದ್ದು ಮೊದಲು, ಏಕೆಂದರೆ ಸಮತಟ್ಟು ರಸ್ತೆ ಅವರ ಬಲ. ಸಮುದ್ರದ್ದು ಎರಡನೆಯದು, ಗೆಳೆಯರಿಗಾಗಿ. ಏರುದಾರಿಯ ಕೆರೆಯ ಹಾಫ್ ಕಟ್ಟಕಡೆಗೆ. ನನ್ನ ಕ್ರಮಾಂಕ ಬಹುತೇಕ ತಿರುಗುಮುರುಗಾಗಿತ್ತು. ಸ್ಪರ್ಧೆಯನ್ನು ನಮ್ಮ ಬಲಕ್ಕೆ ತಕ್ಕಂತೆ ಆರಿಸಬೇಕೆಂದು ಎಲ್ಲರೂ ಹೇಳುತ್ತಾರೆ. ಮೊದಲ ಹಾಫ್‌ನ ಮಟ್ಟಿಗೆ ಅದನ್ನು ನಾನು ಒಪ್ಪುವುದಿಲ್ಲ. ಬಲವಿರುವ ಕಡೆ ನಾಲ್ಕು ನಿಮಿಷ ಗಳಿಸಬಹುದು. ಬಲವಿಲ್ಲದ ಕಡೆ ಇಡೀ ಸ್ಪರ್ಧೆಯನ್ನೇ ಕಳೆದುಕೊಳ್ಳಬಹುದು. ಆದ್ದರಿಂದ ಮೊದಲು ನೋಡಬೇಕಾದದ್ದು ದುರ್ಬಲ ವಿಭಾಗ ಆ ಸ್ಪರ್ಧೆಯಲ್ಲಿ ಹೇಗಿದೆ ಎಂಬುದನ್ನು. ಅದರ ಜೊತೆಗೇ, ಸ್ಪರ್ಧೆಗೆ ಮುಂಚಿನ ತಿಂಗಳುಗಳಲ್ಲಿ ನಮ್ಮ ಬದುಕು ಹೇಗಿರುತ್ತದೆ ಎಂಬುದನ್ನು.

ದಿನಾಂಕದಿಂದ ಹಿಂದಕ್ಕೆ

ಕ್ಯಾಲೆಂಡರ್‌ನಲ್ಲಿ ಸ್ಪರ್ಧೆಯ ದಿನ ಬಿಡುವಾಗಿದೆಯೇ ಎಂದು ಎಲ್ಲರೂ ನೋಡುತ್ತಾರೆ. ನಾನು ನೋಡಲು ಹೇಳುವುದು ಅದಕ್ಕೆ ಎಂಟು ವಾರ ಮುಂಚಿನಿಂದ ಮೂರು ವಾರ ಮುಂಚಿನವರೆಗಿನ ಅವಧಿಯನ್ನು. ಅತಿ ಉದ್ದದ ಸೈಕಲ್ ಸವಾರಿಗಳು, ಸವಾರಿಯಿಂದ ಇಳಿದ ತಕ್ಷಣ ಓಡುವ ಬ್ರಿಕ್ ಅಭ್ಯಾಸಗಳು, ಉದ್ದದ ಓಟಗಳು ಎಲ್ಲವೂ ಬೀಳುವುದು ಅಲ್ಲಿಯೇ. ಕೊನೆಯ ಎರಡು ವಾರ ಹೇಗೂ ಟೇಪರ್. ಆಗ ಗಳಿಸುವುದು ಏನೂ ಇಲ್ಲ, ದಣಿವು ಇಳಿಸಿಕೊಳ್ಳುವುದಷ್ಟೇ.

ಈ ಲೆಕ್ಕ ಹಾಕಿದ ಕೂಡಲೇ ನದಿಯ ಹಾಫ್ ಅಲುಗಾಡಿತು. ಅವರ ಕಚೇರಿಯಲ್ಲಿ ವರ್ಷಾಂತ್ಯದ ಲೆಕ್ಕ ಮುಗಿಸುವ ಕೆಲಸ 15ನೆಯ ವಾರದಿಂದ 21ನೆಯ ವಾರದವರೆಗೆ. ರಾತ್ರಿ ಮನೆಗೆ ಬರುವುದೇ ತಡ, ಭಾನುವಾರವೂ ಕೆಲಸ. 24ನೆಯ ವಾರದ ಸ್ಪರ್ಧೆಯ ಭಾರವಾದ ವಾರಗಳು 16ರಿಂದ 21. ಎರಡೂ ಒಂದರ ಮೇಲೊಂದು ಕುಳಿತಂತೆ ಬಿದ್ದಿದ್ದವು. ಸ್ಪರ್ಧೆಯ ವಾರವಂತೂ ಪೂರ್ತಿ ಬಿಡುವು, ಅದನ್ನೇ ನೋಡಿ ಅವರು ಆ ದಿನವನ್ನು ಮೆಚ್ಚಿದ್ದರು. ಕೆರೆಯ ಹಾಫ್‌ನ ಭಾರವಾದ ವಾರಗಳು 23ರಿಂದ 28. ವರ್ಷಾಂತ್ಯದ ಕೆಲಸ ಮುಗಿದು, ಒಂದು ವಾರ ನಿದ್ದೆ ತುಂಬಿಸಿಕೊಂಡು ಶುರುಮಾಡಬಹುದಾದ ಸಮಯ.

ನೀರು

ಇಲ್ಲಿಯೇ ನಾವು ಹೆಚ್ಚು ಹೊತ್ತು ಕಳೆದೆವು, ಕಳೆಯಲೂಬೇಕಿತ್ತು. ಅಮೆರಿಕದಲ್ಲಿ 1985ರಿಂದ 2016ರವರೆಗೆ ನಡೆದ ಟ್ರಯಥ್ಲಾನ್‌ಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಸಾವು ಅಥವಾ ಹೃದಯಸ್ತಂಭನದ 135 ಪ್ರಕರಣಗಳನ್ನು ಗುರುತಿಸಿತು. ಅವುಗಳಲ್ಲಿ 90 ಸಂಭವಿಸಿದ್ದು ಈಜಿನ ಹಂತದಲ್ಲಿ. ಮೂರು ಹಂತಗಳಲ್ಲಿ ಅತಿ ಕಡಿಮೆ ಹೊತ್ತು ಹಿಡಿಯುವುದು ಈಜು ಎಂಬುದನ್ನು ನೆನೆದರೆ ಈ ಸಂಖ್ಯೆಯ ತೂಕ ತಿಳಿಯುತ್ತದೆ. ಸೈಕಲ್ ಮೇಲೆ ಸುಸ್ತಾದರೆ ಕಾಲು ನೆಲಕ್ಕೆ ಊರಬಹುದು. ಓಟದಲ್ಲಿ ನಡೆಯಬಹುದು. ನೀರಿನಲ್ಲಿ ಆ ಸೌಕರ್ಯವಿಲ್ಲ. ಹೀಗಾಗಿ ಈಜಿನಲ್ಲಿ ಅಳುಕಿರುವವರು ಸ್ಪರ್ಧೆ ಆರಿಸುವಾಗ ಅದರ ಕೈಪಿಡಿಯಲ್ಲಿ ಈಜಿನ ಹಾಳೆಯನ್ನು ಮೊದಲು ಓದಲಿ ಎಂದು ಒತ್ತಿ ಹೇಳುತ್ತೇನೆ.

ಸಮುದ್ರದ ಹಾಫ್‌ನಲ್ಲಿ ಈಜಿನ ಕಟ್-ಆಫ್, ಅಂದರೆ ಮೀರಿದರೆ ಸ್ಪರ್ಧೆಯಿಂದ ಹೊರಬೀಳುವ ಸಮಯದ ಮಿತಿ, 60 ನಿಮಿಷ. ಬಹಳಷ್ಟು ಹಾಫ್ ಸ್ಪರ್ಧೆಗಳಲ್ಲಿ 70 ನಿಮಿಷ ಸಿಗುತ್ತದೆ. ಹತ್ತು ನಿಮಿಷದ ವ್ಯತ್ಯಾಸ ಸಣ್ಣದಲ್ಲ. 70 ನಿಮಿಷದಲ್ಲಿ 1.9 ಕಿ.ಮೀ. ಮುಗಿಸಲು ನೂರು ಮೀಟರ್‌ಗೆ 3:41 ಸಾಕು. 60 ನಿಮಿಷದಲ್ಲಿ ಮುಗಿಸಲು 3:09 ಬೇಕು. ಕೆರೆಯ 2:50ರ ವೇಗದಲ್ಲಿ ಅವರು 54 ನಿಮಿಷಕ್ಕೆ ಹೊರಬರುತ್ತಾರೆ. ಸಮುದ್ರದ ಸ್ಪ್ರಿಂಟ್‌ನಲ್ಲಿ ಅವರ ವೇಗ ನೂರು ಮೀಟರ್‌ಗೆ 3:12 ಆಗಿತ್ತು. ಅದೇ ವೇಗದಲ್ಲಿ 1.9 ಕಿ.ಮೀ.ಗೆ 61 ನಿಮಿಷ ಹತ್ತಿರ. ಅಂದರೆ ಕಯಾಕ್ ಹಿಡಿಯುವಷ್ಟು ಅಳುಕು ಮತ್ತೆ ಬಂದರೆ ಸ್ಪರ್ಧೆ ಅಲ್ಲಿಗೇ ಮುಗಿಯಿತು. ಮೇಲಾಗಿ ಎಲ್ಲರೂ ಒಟ್ಟಿಗೆ ನೀರಿಗಿಳಿಯುವ ಮಾಸ್ ಸ್ಟಾರ್ಟ್. ಕೈಕಾಲು ತಾಗುತ್ತವೆ, ಕನ್ನಡಕ ಜಾರುತ್ತದೆ, ಅವರ ಉಸಿರು ಕಟ್ಟಿದ ಮೊದಲ 200 ಮೀಟರ್ ಅಲ್ಲೇ ಅತಿ ಗೊಂದಲದಲ್ಲಿರುತ್ತದೆ. ಕೆರೆಯ ಹಾಫ್‌ನಲ್ಲಿ ರೋಲಿಂಗ್ ಸ್ಟಾರ್ಟ್ ಇತ್ತು: ಕೆಲವೇ ಜನ ಒಮ್ಮೆಗೆ ಇಳಿಯುತ್ತಾರೆ, ಪ್ರತಿಯೊಬ್ಬರ ಗಡಿಯಾರ ಅವರು ಗೆರೆ ದಾಟಿದಾಗ ಶುರುವಾಗುತ್ತದೆ. ಆದರೆ ಕಟ್-ಆಫ್ ಸ್ವಂತ ಗಡಿಯಾರದಿಂದಲೋ ಕೊನೆಯ ಸ್ಪರ್ಧಿ ಇಳಿದ ಹೊತ್ತಿನಿಂದಲೋ ಎಂಬುದು ಸ್ಪರ್ಧೆಯಿಂದ ಸ್ಪರ್ಧೆಗೆ ಬೇರೆ. ಮಾರ್ಗದರ್ಶಿ ಕೈಪಿಡಿಯಲ್ಲಿ ಆ ಸಾಲನ್ನು ಹುಡುಕಿ ಓದಬೇಕು.

ಮೈಗೆ ಬಿಗಿಯಾಗಿ ತೊಡುವ ರಬ್ಬರಿನ ಈಜುಡುಪು, ವೆಟ್‌ಸೂಟ್, ಇರುತ್ತದಲ್ಲ, ಅದು ತೇಲಿಸುತ್ತದೆ ಎಂಬುದು ಅವರ ವಾದ. ನಿಜ, ದುರ್ಬಲ ಈಜುಗಾರರಿಗೆ ಅದರ ಉಪಕಾರ ದೊಡ್ಡದು. ಆದರೆ ಅದನ್ನು ತೊಡಲು ಬಿಡುವುದೋ ಇಲ್ಲವೋ ಎಂದು ತೀರ್ಮಾನಿಸುವುದು ನೀರಿನ ಉಷ್ಣತೆ. ಈ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ವರ್ಲ್ಡ್ ಟ್ರಯಥ್ಲಾನ್‌ನ ನಿಯಮಗಳ ಪ್ರಕಾರ ಏಜ್ ಗ್ರೂಪ್ ಸ್ಪರ್ಧಿಗಳಿಗೆ, ಅಂದರೆ ವಯಸ್ಸಿನ ಗುಂಪುಗಳಲ್ಲಿ ಸ್ಪರ್ಧಿಸುವ ಹವ್ಯಾಸಿಗಳಿಗೆ, 1500 ಮೀಟರ್‌ವರೆಗಿನ ಈಜಿನಲ್ಲಿ ನೀರು 22 ಡಿಗ್ರಿ ಸೆಲ್ಸಿಯಸ್ ಮೀರಿದರೆ ವೆಟ್‌ಸೂಟ್ ಇಲ್ಲ. ಅದಕ್ಕಿಂತ ಉದ್ದದ ಈಜಿನಲ್ಲಿ ಆ ಮಿತಿ ಸುಮಾರು 24.5 ಡಿಗ್ರಿ. ಸಮುದ್ರದ ಸ್ಪರ್ಧೆಯ ನೀರು ಹಿಂದಿನ ವರ್ಷಗಳಲ್ಲಿ ಸರಿಯಾಗಿ ಆ ಗೆರೆಯ ಆಚೀಚೆ ಇತ್ತು. ವೆಟ್‌ಸೂಟ್ ಸಿಕ್ಕರೆ ಮಾತ್ರ ಮುಗಿಸಬಲ್ಲೆ ಎನ್ನುವಂಥ ಸ್ಪರ್ಧೆಗೆ ವೆಟ್‌ಸೂಟ್ ಖಚಿತವಿಲ್ಲದಾಗ ಹೆಸರು ಕೊಡಬಾರದು. ಇದರಲ್ಲಿ ನನಗೆ ಎರಡು ಮಾತಿಲ್ಲ.

ನದಿಯ ಹಾಫ್‌ನ ಈಜು ಅವರಿಗೆ ಸುಲಭವೆಂದು ಕಂಡಿತ್ತು: ಅಲೆಯಿಲ್ಲ, ಅರ್ಧ ದಾರಿ ಹರಿವಿನ ಜೊತೆ. ಹೋಗುವಾಗ ಹರಿವು ಕೊಟ್ಟದ್ದನ್ನು ಬರುವಾಗ ಕಸಿದುಕೊಂಡರೂ ಲೆಕ್ಕ ಸಮವಾಗುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಸಮವಾಗುವುದಿಲ್ಲ. ಅವರ ಕೆರೆಯ ವೇಗ ಸೆಕೆಂಡಿಗೆ 59 ಸೆಂ.ಮೀ. ಹರಿವು ಸೆಕೆಂಡಿಗೆ 30 ಸೆಂ.ಮೀ. ಇದೆ ಎಂದುಕೊಳ್ಳಿ, ದಡದಲ್ಲಿ ನಿಂತವರಿಗೆ ಅದು ನಿಧಾನವಾಗಿಯೇ ಕಾಣುತ್ತದೆ. ಹರಿವಿನ ಜೊತೆ 950 ಮೀಟರ್‌ಗೆ 18 ನಿಮಿಷ. ಹರಿವಿಗೆ ಎದುರಾಗಿ ಅದೇ 950 ಮೀಟರ್‌ಗೆ ಸುಮಾರು 55 ನಿಮಿಷ. ಒಟ್ಟು 73 ನಿಮಿಷ, ಕಟ್-ಆಫ್ 70. ನಿಂತ ನೀರಿನಲ್ಲಿ 54 ನಿಮಿಷದಲ್ಲಿ ಮುಗಿಸುವವರು ಈ ನದಿಯಲ್ಲಿ ಹೊರಗುಳಿಯುತ್ತಾರೆ. ಈಜುಗಾರ ನಿಧಾನವಾದಷ್ಟೂ ಈ ನಷ್ಟ ಹೆಚ್ಚು, ಏಕೆಂದರೆ ಎದುರು ಈಜುವ ಹೊತ್ತು ಬಹಳ ಬೇಗ ಬೆಳೆಯುತ್ತದೆ. ಎರಡು ತುದಿಯ ನಡುವೆ ಹರಿವಿನ ಜೊತೆ ಮಾತ್ರ ಈಜಿಸುವ ನದಿಯ ಸ್ಪರ್ಧೆಗಳೂ ಇವೆ, ಅವು ನಿಧಾನದ ಈಜುಗಾರರಿಗೆ ವರದಾನ. ಹೋಗಿ ಬರುವ ದಾರಿಯಾದರೆ ಹರಿವಿನ ವೇಗ ತಿಳಿಯದೆ ಹೆಸರು ಕೊಡಬೇಡಿ. ನದಿಗೆ ಇನ್ನೊಂದು ಸಮಸ್ಯೆಯೂ ಉಂಟು: ಮಳೆ ಬಂದರೆ ಚರಂಡಿಯ ನೀರು ಸೇರಿ ಕೆಡುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸೀನ್ ನದಿಯ ನೀರಿನ ಗುಣಮಟ್ಟದಿಂದಾಗಿ ಪುರುಷರ ಟ್ರಯಥ್ಲಾನ್ ಜುಲೈ 30ರಿಂದ 31ಕ್ಕೆ ಮುಂದೂಡಲ್ಪಟ್ಟಿತು. ಒಲಿಂಪಿಕ್ಸ್‌ಗೆ ಮರುದಿನ ಸಿಗುತ್ತದೆ. ಸಾಮಾನ್ಯ ಸ್ಪರ್ಧೆಗೆ ಸಿಗುವುದು ಕಷ್ಟ, ಆಗ ಈಜನ್ನೇ ಕೈಬಿಟ್ಟು ಓಟ, ಸೈಕ್ಲಿಂಗ್, ಓಟ ಎಂದು ಬದಲಿಸುತ್ತಾರೆ.

ಈ ಲೆಕ್ಕವನ್ನು ಕಾಗದದ ಮೇಲೆ ನೋಡಿದ ಮೇಲೆ ನದಿಯನ್ನು ಅವರೇ ಹೊಡೆದು ಹಾಕಿದರು. ಸಮುದ್ರವನ್ನು ಬಿಡಲು ಹೆಚ್ಚು ಹೊತ್ತು ಹಿಡಿಯಿತು. ಗೆಳೆಯರೆಲ್ಲ ಒಟ್ಟಿಗೆ ಹೋಗುವಾಗ ತಾನೊಬ್ಬಳೇ ಉಳಿಯುವ ಬೇಸರ ಸಣ್ಣದಲ್ಲ, ಅದನ್ನು ಹಗುರವಾಗಿ ತಳ್ಳಿಹಾಕುವ ತರಬೇತುದಾರರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಜೊತೆಗಾರರಿದ್ದರೆ ಅಭ್ಯಾಸ ತಪ್ಪುವುದಿಲ್ಲ, ಸ್ಪರ್ಧೆಯ ಬೆಳಿಗ್ಗೆ ಧೈರ್ಯವಿರುತ್ತದೆ. ಆದರೆ ಈ ಕ್ರೀಡೆಯಲ್ಲಿ ಪಕ್ಕದವರು ನಮ್ಮ ಪರವಾಗಿ ಒಂದು ಕೈ ಬೀಸಲಾರರು.

ಏರು

ಕೆರೆಯ ಹಾಫ್‌ಗೆ ಅವರ ಆಕ್ಷೇಪ ಒಂದೇ: 1300 ಮೀಟರ್ ಏರು. ಭಯಪಡುವಷ್ಟಿದೆಯೇ ಎಂದು ಲೆಕ್ಕ ಹಾಕಿದೆವು. ಗಂಟೆಗೆ 22 ಕಿ.ಮೀ. ಸರಾಸರಿ ಹಿಡಿದರೆ 90 ಕಿ.ಮೀ.ಗೆ 4 ಗಂಟೆ 5 ನಿಮಿಷ. ಈಜು 54 ನಿಮಿಷ, ಬಟ್ಟೆ ಬದಲಿಸಿ ಸೈಕಲ್ ಹಿಡಿಯುವ ಟ್ರಾನ್ಸಿಷನ್‌ಗೆ 8 ನಿಮಿಷ. ಒಟ್ಟು 5 ಗಂಟೆ 7 ನಿಮಿಷ. ಅಲ್ಲಿಯ ಕಟ್-ಆಫ್ ಈಜಿನ ಆರಂಭದಿಂದ 5 ಗಂಟೆ 30 ನಿಮಿಷ. ಒಂದು ಪಂಕ್ಚರ್ ಹಾಕಿಕೊಂಡರೂ ಹತ್ತು ನಿಮಿಷ ಉಳಿಯುತ್ತದೆ. ಬಿಗಿಯಾಗಿದೆ, ಆದರೆ ಸಾಧ್ಯ. ಮೇಲಾಗಿ 31 ವಾರಗಳಲ್ಲಿ ಏರು ಹತ್ತುವುದನ್ನು ಕಲಿಯಬಹುದು. ನಿಧಾನದ ಪೆಡಲ್‌ನಲ್ಲಿ ಭಾರದ ಗೇರ್ ತುಳಿಯುವ ಅಭ್ಯಾಸ, ಉದ್ದದ ಒಂದೇ ಏರನ್ನು ಮತ್ತೆ ಮತ್ತೆ ಹತ್ತುವುದು, ಅಷ್ಟರಿಂದಲೇ ಬಹಳ ಬದಲಾಗುತ್ತದೆ. ಗೇರ್ ಕೂಡ ಬದಲಿಸಿದೆವು: ಏರು ಹತ್ತಲು ಹಗುರವಾಗುವಂತೆ ಮುಂದೆ 34 ಹಲ್ಲು, ಹಿಂದಿನ ಚಕ್ರದ ಗೇರ್ ಗುಚ್ಛದಲ್ಲಿ ದೊಡ್ಡದು 32 ಹಲ್ಲು. ಸಮುದ್ರದ ಅಳುಕನ್ನು ಹೀಗೆ ಬಿಡಿಭಾಗ ಬದಲಿಸಿ ನೀಗಲು ಬರುವುದಿಲ್ಲ. ಅದಕ್ಕೆ ತೆರೆದ ನೀರಿನಲ್ಲಿ ತಿಂಗಳುಗಟ್ಟಲೆ ಇಳಿಯಬೇಕು. 14 ವಾರ, ಅದೂ ಬಹುಪಾಲು ಈಜುಕೊಳದಲ್ಲಿ, ಸಾಲದು.

ಹೊಸ ಆಯೋಜಕರು

ನಮ್ಮಿಬ್ಬರ ನಡುವೆ ನಿಜವಾದ ಭಿನ್ನಾಭಿಪ್ರಾಯ ಬಂದದ್ದು 26ನೆಯ ವಾರದ ಒಲಿಂಪಿಕ್ ದೂರದ ಸ್ಪರ್ಧೆಯ ಬಗ್ಗೆ. ದಿನ ಹೇಳಿ ಮಾಡಿಸಿದಂತಿತ್ತು: ಹಾಫ್‌ಗೆ ಐದು ವಾರ ಮುಂಚೆ, 1500 ಮೀಟರ್, 40 ಕಿ.ಮೀ., 10 ಕಿ.ಮೀ., ಒಳ್ಳೆಯ ಪೂರ್ವಾಭ್ಯಾಸ. ಶುಲ್ಕವೂ ಕಡಿಮೆ. ಆದರೆ ಪದಕದ ಚಿತ್ರ, ಟಿ-ಶರ್ಟಿನ ಚಿತ್ರ ಬಿಟ್ಟರೆ ಪ್ರಕಟಿಸಿದ್ದು ಬಹಳ ಕಡಿಮೆ. ನೀರಿನಲ್ಲಿ ಎಷ್ಟು ರಕ್ಷಕರು, ಎಷ್ಟು ದೋಣಿ? ಸೈಕಲ್ ದಾರಿಯಲ್ಲಿ ವಾಹನ ಸಂಚಾರ ಪೂರ್ತಿ ನಿಲ್ಲುತ್ತದೆಯೇ? ಸ್ಪರ್ಧೆ ರದ್ದಾದರೆ ಶುಲ್ಕ ಏನಾಗುತ್ತದೆ? ಈ ಮೂರನ್ನು ಬರೆದು ಕೇಳಲು ಹೇಳಿದೆ. ಶುಲ್ಕದ ಬಗ್ಗೆ ಸ್ಪಷ್ಟ ಉತ್ತರ ಬಂತು. ರಸ್ತೆಯ ಬಗ್ಗೆ, ಪೊಲೀಸರ ಜೊತೆ ಮಾತುಕತೆ ನಡೆದಿದೆ ಎಂದರು. ನೀರಿನ ಬಗ್ಗೆ, ಎಲ್ಲ ವ್ಯವಸ್ಥೆಯೂ ಇರುತ್ತದೆ ಎಂಬ ಒಂದೇ ಸಾಲು.

ಹೊಸಬರಿಗೂ ಅವಕಾಶ ಕೊಡಬೇಕಲ್ಲವೇ, ಎಲ್ಲರೂ ಕಾದರೆ ಮೊದಲ ವರ್ಷ ಹೋಗುವವರು ಯಾರು ಎಂದು ಅವರು ಕೇಳಿದರು. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ: ನೀರಿನಲ್ಲಿ ಗಟ್ಟಿಯಾಗಿರುವವರು ಹೋಗಲಿ. ಮೊದಲ ವರ್ಷದ ಸ್ಪರ್ಧೆಯಲ್ಲಿ ಈಜಿನ ದಾರಿ ತೋರುವ ತೇಲುಗುರುತುಗಳನ್ನು ತಪ್ಪಾಗಿ ಇಟ್ಟು 1500 ಮೀಟರ್ 1800 ಆಗಿಬಿಡಬಹುದು. ಬಲ್ಲ ಈಜುಗಾರರು ಅದನ್ನು ಗೊಣಗಿಕೊಂಡು ಮುಗಿಸುತ್ತಾರೆ. ಇವರು ಮುಗಿಸಲಾರರು. ಬದಲಿಗೆ 27ನೆಯ ವಾರಕ್ಕೆ ಪಟ್ಟಿಯಲ್ಲೇ ಇಲ್ಲದ ಒಂದು ಸಣ್ಣ ಸ್ಪರ್ಧೆ ಹುಡುಕಿದೆವು. ಅದೇ ದೂರ, ಕೆರೆ, ಬಹಳ ವರ್ಷಗಳಿಂದ ಅದೇ ದಾರಿಯಲ್ಲಿ ನಡೆಯುತ್ತಿದೆ, ಹಿಂದಿನ ಫಲಿತಾಂಶಗಳು ಸಿಗುತ್ತವೆ. ಫಲಿತಾಂಶದ ಪಟ್ಟಿ ಓದುವುದು ಒಂದು ಒಳ್ಳೆಯ ಅಭ್ಯಾಸ: ಕೊನೆಯ ಹತ್ತು ಜನರ ಸಮಯ ನೋಡಿ, ಎಷ್ಟು ಜನ ಮುಗಿಸಲಿಲ್ಲ ನೋಡಿ, ಈಜಿನಲ್ಲೇ ಎಷ್ಟು ಜನ ಹೊರಬಿದ್ದರು ನೋಡಿ. ಗೆದ್ದವರ ಸಮಯದಿಂದ ನಮ್ಮಂಥವರಿಗೆ ಏನೂ ತಿಳಿಯುವುದಿಲ್ಲ.

ಫುಲ್

3.8 ಕಿ.ಮೀ., 180 ಕಿ.ಮೀ., 42.2 ಕಿ.ಮೀ. ನೋಂದಣಿ ತೆರೆದ ಸ್ವಲ್ಪ ಹೊತ್ತಿನಲ್ಲೇ ಸ್ಥಾನಗಳು ತುಂಬುತ್ತವೆ ಎಂಬ ಒತ್ತಡದಲ್ಲಿ ಅವರು ಇದನ್ನು ಪಟ್ಟಿಗೆ ಸೇರಿಸಿದ್ದರು. ಹಾಫ್ ಆದ ಮೇಲೆ ಫುಲ್ ಸಹಜವಾದ ಮುಂದಿನ ಮೆಟ್ಟಿಲು ಎಂಬ ಭಾವನೆಯೂ ಇತ್ತು. ಆ ದೂರ ಹುಟ್ಟಿದ ಬಗೆ ನೋಡಿದರೆ ಮೆಟ್ಟಿಲಿನ ಮಾತು ನಿಲ್ಲುವುದಿಲ್ಲ. ಹವಾಯಿಯ ಒವಾಹು ದ್ವೀಪದಲ್ಲಿ ಅದಾಗಲೇ ಇದ್ದ ಸಮುದ್ರದ ಈಜು, ದ್ವೀಪ ಸುತ್ತುವ ಸೈಕಲ್ ಸವಾರಿ, ಹೊನೊಲುಲು ಮ್ಯಾರಥಾನ್ ಈ ಮೂರನ್ನು ಒಂದೇ ದಿನಕ್ಕೆ ಜೋಡಿಸಿ 1978ರಲ್ಲಿ ಐರನ್‌ಮ್ಯಾನ್ ಎಂಬ ಹೆಸರಿನ ಮೊದಲ ಫುಲ್ ನಡೆಯಿತು. 15 ಜನ ಹೊರಟು 12 ಜನ ಮುಗಿಸಿದರು. ಯಾರ ತರಬೇತಿಯ ಹಂತವನ್ನೂ ನೋಡಿ ಅಳೆದ ದೂರ ಅದಲ್ಲ.

ದೂರವೊಂದೇ ಸ್ಪರ್ಧೆಯನ್ನು ಹೇಳುವುದೂ ಇಲ್ಲ. ಜರ್ಮನಿಯ ರೋತ್‌ನಲ್ಲಿ ಕಾಲುವೆಯ ನಿಶ್ಚಲ ನೀರು, ವೇಗದ ರಸ್ತೆ. 2024ರಲ್ಲಿ ಡೆನ್ಮಾರ್ಕ್‌ನ ವೃತ್ತಿಪರ ಸ್ಪರ್ಧಿ ಮ್ಯಾಗ್ನಸ್ ಡಿಟ್ಲೆವ್ 7 ಗಂಟೆ 23 ನಿಮಿಷದಲ್ಲಿ ಮುಗಿಸಿದ್ದು ಅಲ್ಲಿಯೇ. ನಾರ್ವೆಯ ನಾರ್ಸ್‌ಮನ್‌ನಲ್ಲಿ ನಸುಕಿನಲ್ಲಿ ಹಡಗಿನಿಂದ ಬೆಟ್ಟಗಳ ನಡುವೆ ಚಾಚಿದ ತಣ್ಣನೆಯ ಸಮುದ್ರದ ಕವಲಿಗೆ (ಫ್ಯೋರ್ಡ್) ಹಾರಿ, ಕೊನೆಗೆ ಗೌಸ್ತಾತೊಪ್ಪೆನ್ ಪರ್ವತದ ಕಡೆಗೆ ಏರಬೇಕು. ಹವಾಯಿಯ ಕೋನಾದಲ್ಲಿ ವೆಟ್‌ಸೂಟ್ ಇಲ್ಲದ ಸಮುದ್ರ, ಲಾವಾ ಬಯಲು, ಹಾವಿ ಎಂಬ ಊರಿನ ಕಡೆಯ ಅಡ್ಡಗಾಳಿ. ಮೂರೂ ಕಡೆ ದೂರ ಹೆಚ್ಚುಕಡಿಮೆ ಒಂದೇ.

ಅವರು ಆರಿಸಿದ್ದ ಫುಲ್ ಏರುದಾರಿಯದು. 22 ಕಿ.ಮೀ. ಸರಾಸರಿಯಲ್ಲಿ 180ಕ್ಕೆ 8 ಗಂಟೆ 11 ನಿಮಿಷ. ಈಜು 1 ಗಂಟೆ 51, ಟ್ರಾನ್ಸಿಷನ್ 10. ಒಟ್ಟು 10 ಗಂಟೆ 12 ನಿಮಿಷ, ಕಟ್-ಆಫ್ 10:30. ಹದಿನೆಂಟು ನಿಮಿಷ ಕೈಯಲ್ಲಿಟ್ಟುಕೊಂಡು ಮ್ಯಾರಥಾನಿಗೆ ಇಳಿಯುವುದು ನನಗೆ ಇಷ್ಟವಾಗಲಿಲ್ಲ. ಅದಕ್ಕಿಂತ ಮುಖ್ಯವಾಗಿ, ವಾರಕ್ಕೆ 8 ಗಂಟೆಯಲ್ಲಿ ಆ ತಯಾರಿ ಆಗದು. ಇನ್ನೂ ನಾಲ್ಕೈದು ಗಂಟೆ ಎಲ್ಲಿಂದ ಬರುತ್ತದೆ, ಮನೆಯಲ್ಲಿ ಯಾರು ಅದನ್ನು ಹೊರುತ್ತಾರೆ ಎಂಬುದು ಮನೆಯವರ ಜೊತೆ ಕುಳಿತು ಮಾತನಾಡಬೇಕಾದ ವಿಷಯ. ನೋಂದಣಿಯ ಗಡುವು ಅದನ್ನು ತೀರ್ಮಾನಿಸಬಾರದು. ಅವರು ಮಾತನಾಡಿದರು, ಈ ವರ್ಷ ಬೇಡವೆಂದು ಬಂದರು.

ನಡೆದದ್ದು

ಸಮುದ್ರದ ಹಾಫ್‌ನ ದಿನ ಗಾಳಿ ಹೆಚ್ಚಾಗಿ ಈಜು ರದ್ದಾಯಿತು. ಓಟ, ಸೈಕ್ಲಿಂಗ್, ಓಟವಾಗಿ ಬದಲಾಯಿತು. ಗೆಳೆಯರೆಲ್ಲ ಮುಗಿಸಿದರು. ಹೋಗಿದ್ದರೆ ನಾನೂ ಮುಗಿಸುತ್ತಿದ್ದೆ ಎಂದು ಅವರು ಬರೆದರು. ಖಂಡಿತ ಮುಗಿಸುತ್ತಿದ್ದರು. ಆದರೂ ಬಿಟ್ಟದ್ದು ಸರಿಯೇ, ಏಕೆಂದರೆ ಈಜು ರದ್ದಾಗುತ್ತದೆ ಎಂದು 14 ವಾರ ಮುಂಚೆ ಯಾರಿಗೂ ಗೊತ್ತಿರಲಿಲ್ಲ. ಅಲ್ಲದೆ ಅವರಿಗೆ ಬೇಕಾಗಿದ್ದದ್ದು ಮೂರೂ ವಿಭಾಗಗಳ ಹಾಫ್. ಹೊಸ ಆಯೋಜಕರ ಸ್ಪರ್ಧೆ ಸುಸೂತ್ರವಾಗಿ ನಡೆಯಿತು, ನೀರಿನಲ್ಲಿ ಸಾಕಷ್ಟು ದೋಣಿಗಳಿದ್ದವು ಎಂದು ಹೋಗಿ ಬಂದವರು ಹೇಳಿದರು. ಕೇಳಿ ಸಂತೋಷವಾಯಿತು.

27ನೆಯ ವಾರದ ಸಣ್ಣ ಸ್ಪರ್ಧೆಯಲ್ಲಿ ಅವರು ಬದಿಗೆ, ಗುಂಪಿನ ಹಿಂದೆ ನಿಂತು ಇಳಿದರು, ಕಯಾಕ್ ಬೇಕಾಗಲಿಲ್ಲ. 31ನೆಯ ವಾರ ಕೆರೆಯ ಹಾಫ್: ಈಜು 52 ನಿಮಿಷ, ಟ್ರಾನ್ಸಿಷನ್ 7, ಸೈಕ್ಲಿಂಗ್ 4 ಗಂಟೆ 11, ಎರಡನೆಯ ಟ್ರಾನ್ಸಿಷನ್ 5, ಓಟ 2 ಗಂಟೆ 38. ಒಟ್ಟು 7 ಗಂಟೆ 53 ನಿಮಿಷ, ಮಿತಿ 8:30. ಏರಿನಲ್ಲಿ ಒಮ್ಮೆ ಚೈನ್ ಕಳಚಿ ಮೂರು ನಿಮಿಷ ಹೋಗಿತ್ತು. ಓಟದ ಕೊನೆಯ ಭಾಗವನ್ನು ಹೆಚ್ಚಾಗಿ ನಡೆದರು, ಏರು ಕಾಲನ್ನು ಅಷ್ಟು ಹಿಂಡಿತ್ತು. ಸಮತಟ್ಟಿನ ದಾರಿಯಾಗಿದ್ದರೆ ಅರ್ಧ ಗಂಟೆಯಾದರೂ ಬೇಗ ಮುಗಿಯುತ್ತಿತ್ತು ಎಂಬ ಅವರ ಮಾತು ನಿಜ.

ಮುಂದಿನ ವರ್ಷದ ಪಟ್ಟಿ ಈಗ ಮೇಜಿನ ಮೇಲಿದೆ. ಹೊಸ ಆಯೋಜಕರ ಒಲಿಂಪಿಕ್ ದೂರದ ಸ್ಪರ್ಧೆ ಅದರಲ್ಲಿ ಮೊದಲನೆಯದು. ಸಮತಟ್ಟಾದ ಹಾಫ್ ಒಂದಿದೆ, ವರ್ಷಾಂತ್ಯದ ಕೆಲಸಕ್ಕೆ ದೂರವಾದ ದಿನಾಂಕದಲ್ಲಿ. ಫುಲ್ ಈಗಲೂ ಇಲ್ಲ. ಸಮುದ್ರದ್ದು ಒಂದನ್ನು ಅವರೇ ಸೇರಿಸಿದ್ದಾರೆ, ಆದರೆ ಸ್ಪ್ರಿಂಟ್: 750 ಮೀಟರ್, ರೋಲಿಂಗ್ ಸ್ಟಾರ್ಟ್, ದಡಕ್ಕೆ ಸಮಾನಾಂತರವಾದ ಈಜಿನ ದಾರಿ. ಅದಕ್ಕೆ ಮುಂಚೆ ಗೆಳೆಯರ ಗುಂಪಿನ ಜೊತೆ ವಾರಕ್ಕೊಮ್ಮೆ ಸಮುದ್ರಕ್ಕೆ ಇಳಿಯುವ ವ್ಯವಸ್ಥೆಯನ್ನೂ ಅವರು ಮಾಡಿಕೊಂಡಿದ್ದಾರೆ.